ಮುಧೋಳ ನಾಯಿಗೊಂದು ಜೊತೆ: ತೋಟದ ಮನೆಗೆ ಎರಡನೇ ನಾಯಿಯನ್ನು ಆರಿಸುವ ಬಗೆ

ಮುಧೋಳ, ಜಮಖಂಡಿ, ಬೀಳಗಿ ಸೀಮೆಯ ತೋಟದ ಮನೆಗಳಲ್ಲಿ ಮುಧೋಳ ನಾಯಿ ಕಾಣಿಸುವುದು ಹೊಸದಲ್ಲ. ಅದನ್ನು ಸಾಕಿದವರು ವರ್ಷ ಎರಡು ವರ್ಷ ಕಳೆದ ಮೇಲೆ ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ಇದಕ್ಕೊಂದು ಜೊತೆ ಬೇಕು, ಯಾವ ತಳಿ ತರೋಣ? ಲ್ಯಾಬ್ರಡಾರ್ ಎನ್ನುವವರು ಒಬ್ಬರು, ಡಾಬರ್‌ಮನ್ ಎನ್ನುವವರು ಇನ್ನೊಬ್ಬರು, ಮತ್ತೊಂದು ಮುಧೋಳವೇ ಇರಲಿ ಎನ್ನುವವರು ಹಲವರು. ತಳಿಯ ಹೆಸರು ಹಿಡಿದು ಹೊರಟರೆ ದಾರಿ ತಪ್ಪುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯಲ್ಲಿರುವ ನಾಯಿಗೆ ಯಾವ ಕೆಲಸ ಒಗ್ಗುವುದಿಲ್ಲವೋ ಅದನ್ನು ಮೊದಲು ಗುರುತಿಸಬೇಕು. ಆ ಕೊರತೆಯನ್ನು ತುಂಬುವ, ಹಾಗೆಯೇ ಮುಧೋಳದ ತೆಳು ಮೈಗೆ ಪೆಟ್ಟು ಮಾಡದ ನಾಯಿಯನ್ನು ಆಮೇಲೆ ಹುಡುಕಬೇಕು.

ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ ಲರ್ಚರ್ ಎಂಬ ನಾಯಿಗಳಿವೆ. ಗ್ರೇಹೌಂಡ್, ವಿಪ್ಪೆಟ್‌ನಂಥ ಓಟದ ನಾಯಿಯನ್ನು ಕುರಿ ಕಾಯುವ ಕೋಲಿಯೊಂದಿಗೋ ಟೆರಿಯರ್‌ನೊಂದಿಗೋ ಬೆರೆಸಿ ಪಡೆದ ಮಿಶ್ರತಳಿ ಅದು. ಲರ್ಚರ್ ಸಾಕುವ ಎಷ್ಟೋ ಜನ ಅದರ ಜೊತೆಗೆ ಟೆರಿಯರ್ ಅಥವಾ ಸ್ಪ್ಯಾನಿಯಲ್ ಇಟ್ಟುಕೊಳ್ಳುತ್ತಾರೆ. ಪೊದೆಯೊಳಗೆ ನುಗ್ಗಿ, ಮೂಸಿ, ಎಬ್ಬಿಸುವುದು ಚಿಕ್ಕ ನಾಯಿಯ ಪಾಲು. ಬಯಲಿಗೆ ಬಂದದ್ದನ್ನು ಬೆನ್ನಟ್ಟುವುದು ಲರ್ಚರ್‌ನ ಪಾಲು. ಮೂಗಿನ ನಾಯಿ ಒಂದು, ಕಣ್ಣಿನ ನಾಯಿ ಒಂದು ಎಂಬ ಈ ಲೆಕ್ಕಾಚಾರ ನಮಗೂ ಹೊಂದುತ್ತದೆ, ಏಕೆಂದರೆ ಮುಧೋಳ ಕಣ್ಣಿನಿಂದ ಕೆಲಸ ಮಾಡುವ ನಾಯಿ. ಬೇಟೆಯ ಭಾಗವನ್ನು ಮಾತ್ರ ನಾವು ಪೂರ್ತಿ ಬಿಡಬೇಕು. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಹೆಜ್ಜೆ: ಕೆಲಸದ ಪಟ್ಟಿ

ಮುಧೋಳ ಸಂಸ್ಥಾನದ ಘೋರ್ಪಡೆ ರಾಜರು ಪೋಷಿಸಿದ ನಾಯಿ ಇದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೂ ಹೋಯಿತು. ಹೀಗಿರುವಾಗ ಇದಕ್ಕೆ ಬಾರದ ಕೆಲಸವೇನಿದೆ ಎಂದು ಅಭಿಮಾನದಿಂದ ಕೇಳುವವರಿದ್ದಾರೆ. ಆ ಅಭಿಮಾನ ನನಗೂ ಇದೆ. ಆದರೂ ರಾತ್ರಿ ಹೊತ್ತು ತೋಟದಲ್ಲಿ ಕುಳಿತು ನೋಡಿದರೆ ವಿಷಯ ತಿಳಿಯುತ್ತದೆ. ಕಬ್ಬಿನ ಅಂಚಿನಲ್ಲಿ ಹಂದಿಯೋ ನರಿಯೋ ಸರಿದಾಡುತ್ತದೆ. ಅಂಗಳದಲ್ಲಿ ಮಲಗಿದ್ದ ಊರು ನಾಯಿ ತಲೆ ಎತ್ತುವ ಮೊದಲೇ ಕಿವಿ ನಿಮಿರಿಸುತ್ತದೆ, ಮೂಗನ್ನು ಗಾಳಿಗೆ ಒಡ್ಡಿ ಎರಡು ಸಲ ಗುರುಗುಟ್ಟುತ್ತದೆ, ಆಮೇಲೆ ಬೊಗಳುತ್ತದೆ. ಮುಧೋಳ ಎದ್ದು ನಿಲ್ಲುವುದು ಆ ಬೊಗಳಿಕೆ ಕೇಳಿದ ನಂತರ. ಎದ್ದ ಮೇಲೂ ಅದು ಹುಡುಕುವುದು ಕತ್ತಲಲ್ಲಿ ಅಲುಗುವ ಆಕಾರವನ್ನು. ವಾಸನೆಯನ್ನು ಹಿಡಿದು ಹೋಗುವ ಅಭ್ಯಾಸ ಅದಕ್ಕೆ ಕಡಿಮೆ. ಕಂಡರೆ ಬಾಣದಂತೆ ಹೋಗುತ್ತದೆ, ಕಾಣದಿದ್ದರೆ ಮರಳಿ ಮಲಗುತ್ತದೆ.

ಇದರಿಂದ ಮುಧೋಳದ ಬಲವೂ ಮಿತಿಯೂ ಗೊತ್ತಾಗುತ್ತವೆ. ಬಯಲಲ್ಲಿ ಅದರ ವೇಗಕ್ಕೆ ಸರಿಸಾಟಿ ಇಲ್ಲ. ಬೊಗಳುವುದು ಕಡಿಮೆ, ವಾಸನೆಯ ಜಾಡು ಹಿಡಿಯುವ ತಾಳ್ಮೆ ಕಡಿಮೆ, ಒಂದೇ ಕಡೆ ಕುಳಿತು ಗಂಟೆಗಟ್ಟಲೆ ಕಾಯುವ ಗುಣವೂ ಕಡಿಮೆ. ಈಗ ಒಂದು ಹಾಳೆ ತೆಗೆದುಕೊಂಡು ನಿಮ್ಮ ತೋಟಕ್ಕೆ ಏನು ಬೇಕು ಎಂಬುದನ್ನು ಬರೆಯಿರಿ. ರಾತ್ರಿ ಯಾರಾದರೂ ಬಂದರೆ ಕೂಗಿ ಎಬ್ಬಿಸುವವರು ಬೇಕೇ? ಹಂದಿ ಕಬ್ಬಿಗೆ, ಗೋವಿನಜೋಳಕ್ಕೆ ಇಳಿಯದಂತೆ ಬೆದರಿಸಬೇಕೇ? ಕುರಿ ದೊಡ್ಡಿಯ ಬಳಿ ಮಲಗುವ ನಾಯಿ ಬೇಕೇ? ಬದುವಿನಲ್ಲಿ, ಮೇವಿನ ಬಣವೆಯಲ್ಲಿ ಹೆಗ್ಗಣದ ಕಾಟವೇ? ಅಥವಾ ಮುಧೋಳ ಒಂಟಿಯಾಗಿ ಬೇಸರಪಟ್ಟು ಚಪ್ಪಲಿ, ಪೈಪು ಕಡಿಯುತ್ತಿದೆ ಎಂಬುದಷ್ಟೇ ಸಮಸ್ಯೆಯೇ? ಕೊನೆಯದಾಗಿದ್ದರೆ ಎರಡನೇ ನಾಯಿ ತರುವ ಮುನ್ನ ಬೆಳಿಗ್ಗೆ ಸಂಜೆ ಚೆನ್ನಾಗಿ ಓಡಿಸಿ ನೋಡಿ. ಬೇಸರಪಟ್ಟ ನಾಯಿಯ ಪಕ್ಕಕ್ಕೆ ಇನ್ನೊಂದನ್ನು ತಂದರೆ ಬೇಸರಪಟ್ಟ ನಾಯಿಗಳು ಎರಡಾಗುವ ಸಾಧ್ಯತೆಯೇ ಹೆಚ್ಚು.

ಈ ಪಟ್ಟಿಯಲ್ಲಿ ಮೊಲ, ಜಿಂಕೆ, ಕಾಡುಹಂದಿ ಹಿಡಿಸುವ ಆಸೆ ಇರಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವುಗಳ ಬೇಟೆ ಅಪರಾಧ, ನಾಯಿ ಬಿಟ್ಟು ಹಿಡಿಸಿದರೂ ಅದು ಬೇಟೆಯೇ. ಬೀಳಗಿ, ಮುಧೋಳ ತಾಲ್ಲೂಕುಗಳಿಗೆ ಹೊಂದಿಕೊಂಡು ಯಡಹಳ್ಳಿ ಚಿಂಕಾರ ಅಭಯಾರಣ್ಯವಿದೆ. ಆ ಸೀಮೆಯ ಮಡ್ಡಿಯಲ್ಲಿ ಎರಡು ನಾಯಿಗಳನ್ನು ಹಗ್ಗವಿಲ್ಲದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಒಂಟಿ ಮುಧೋಳ ಅಷ್ಟು ದೂರ ಓಡಿ ಮರಳುತ್ತದೆ. ಹುರಿದುಂಬಿಸುವ ಜೊತೆ ಸಿಕ್ಕಿದರೆ ಮರಳುವುದನ್ನು ಮರೆಯುತ್ತದೆ. ಹಂದಿಯ ವಿಷಯದಲ್ಲೂ ಬೊಗಳಿ ಓಡಿಸುವುದಷ್ಟೇ ನಾಯಿಗಳ ಕೆಲಸ. ಹಂದಿಯ ಕೋರೆ ತಗುಲಿದರೆ ಮುಧೋಳದ ಹೊಟ್ಟೆ ಸೀಳಿಹೋಗುತ್ತದೆ.

ಮನೆಯ ನಾಯಿ ಸಿದ್ಧವಿದೆಯೇ?

ಮುಧೋಳಕ್ಕೆ ಕನಿಷ್ಠ ಒಂದೂವರೆ ವರ್ಷ ತುಂಬಿರಲಿ, ಎರಡಾದರೆ ಇನ್ನೂ ಒಳ್ಳೆಯದು. ಅಷ್ಟರೊಳಗೆ ಅದು ಕರೆದರೆ ಬರಬೇಕು, ಹಗ್ಗ ಹಿಡಿದು ಎಳೆಯದೆ ನಡೆಯಬೇಕು, ಕೋಳಿ ಮತ್ತು ಕರುಗಳ ನಡುವೆ ಸುಮ್ಮನಿರಬೇಕು. ಮೊದಲ ನಾಯಿಗೆ ಬಾರದ ಶಿಸ್ತು ಎರಡನೆಯದಕ್ಕೆ ತಾನಾಗಿ ಬರುವುದಿಲ್ಲ. ಮರಿ ಕಲಿಯುವುದು ದೊಡ್ಡ ನಾಯಿಯನ್ನು ನೋಡಿ, ಅದರಲ್ಲೂ ಕೆಟ್ಟದ್ದನ್ನು ಬೇಗ. ಮುಧೋಳಕ್ಕೆ ಒಂಬತ್ತು ಹತ್ತು ವರ್ಷ ದಾಟಿದ್ದರೆ ಮರಿಯ ಕಾಟವನ್ನು ಅದರ ಮೇಲೆ ಹೇರಬೇಡಿ.

ಒಂದೇ ಸಲಕ್ಕೆ ಎರಡು ಮರಿ ತರುವುದು ಇನ್ನೂ ತಪ್ಪು. ಒಟ್ಟಿಗೆ ಬೆಳೆದ ಎರಡು ಮರಿಗಳು ಒಂದನ್ನೊಂದು ಹಚ್ಚಿಕೊಂಡು ಮನುಷ್ಯರ ಮಾತಿಗೆ ಕಿವಿಗೊಡುವುದಿಲ್ಲ. ಎರಡೂ ಹೆಣ್ಣಾಗಿದ್ದರೆ ಬೆಳೆದ ಮೇಲೆ ಜಗಳಕ್ಕೂ ಬೀಳುತ್ತವೆ.

ಆಟವನ್ನು ನೋಡಿ ಅಳೆಯಿರಿ

ತಳಿಯ ಬಗ್ಗೆ ಓದುವುದಕ್ಕಿಂತ ನಿಮ್ಮ ಮುಧೋಳ ಬೇರೆ ಬೇರೆ ನಾಯಿಗಳ ಜೊತೆ ಆಡುವುದನ್ನು ನೋಡಿದರೆ ಹೆಚ್ಚು ತಿಳಿಯುತ್ತದೆ. ಈ ಹೆಜ್ಜೆಗೆ ಜನ ಸಮಯ ಕೊಡುವುದಿಲ್ಲ. ನಾನು ಎಲ್ಲಕ್ಕಿಂತ ಹೆಚ್ಚು ಒತ್ತು ಕೊಡುವುದು ಇದಕ್ಕೇ.

ಮುಧೋಳದ ಆಟ ಎಂದರೆ ಓಟ. ಬಾಗಿ, ಮುಂಗಾಲು ಚಾಚಿ ಕರೆಯುತ್ತದೆ, ಮರುಕ್ಷಣ ಹೊಲದ ಆ ತುದಿಯಲ್ಲಿರುತ್ತದೆ. ದೊಡ್ಡ ಸುತ್ತು ಹಾಕಿ ಹಿಂದಿನಿಂದ ಬಂದು ಭುಜಕ್ಕೆ ಭುಜ ತಾಗಿಸುತ್ತದೆ, ಓಡುತ್ತಲೇ ಎದುರಿನ ನಾಯಿಯ ಕುತ್ತಿಗೆಯ ಮೇಲ್ಭಾಗವನ್ನು ಹಲ್ಲಿನಿಂದ ಮುಟ್ಟಿ ಬಿಡುತ್ತದೆ. ಊರು ನಾಯಿಗೆ ಈ ಭಾಷೆ ಅರ್ಥವಾಗುತ್ತದೆ. ಓಡಲಾಗದಿದ್ದರೆ ಸುತ್ತಿನ ನಡುವೆ ನಿಂತು ಅಡ್ಡಗಟ್ಟಿ ಆಡುತ್ತದೆ. ರಾಟ್‌ವೀಲರ್, ಪಿಟ್‌ಬುಲ್ ಬಗೆಯ ನಾಯಿಗಳ ಆಟ ಬೇರೆ. ಅವು ಮೈಮೇಲೆ ಬಿದ್ದು ಗುದ್ದುತ್ತವೆ, ಚರ್ಮ ಕಚ್ಚಿ ಜಗ್ಗುತ್ತವೆ. ಅವುಗಳಿಗೆ ಅದು ಆಟವೇ. ಮುಧೋಳದ ಚರ್ಮ ಮಾತ್ರ ತೆಳು, ಅಡಿಯಲ್ಲಿ ಕೊಬ್ಬಿಲ್ಲ, ಮೇಲೆ ದಟ್ಟ ಕೂದಲೂ ಇಲ್ಲ. ಎಳೆದ ಕಡೆ ಗಾಯ ಒಂದು ಅಂಗುಲಕ್ಕೆ ನಿಲ್ಲುವುದಿಲ್ಲ, ಚರ್ಮವೇ ಬಿಟ್ಟುಕೊಂಡು ತೆರೆದುಕೊಳ್ಳುತ್ತದೆ. ಹೊಲಿಗೆ ಹಾಕಿಸಬೇಕಾಗುತ್ತದೆ.

ಜರ್ಮನ್ ಶೆಫರ್ಡ್ ಮುಂತಾದ, ಮೂಲದಲ್ಲಿ ಕುರಿ ಕಾಯುವ ನಾಯಿಗಳಿಗೆ ಇನ್ನೊಂದು ಚಟವಿದೆ. ತಮ್ಮ ಮುಂದೆ ಯಾವುದು ಓಡಿದರೂ ಅದನ್ನು ತಡೆದು ನಿಲ್ಲಿಸಬೇಕು ಅವಕ್ಕೆ. ಮುಧೋಳ ಓಡಿದಾಗ ಹಿಂಗಾಲಿಗೆ, ತೊಡೆಗೆ ಬಾಯಿ ಹಾಕುತ್ತವೆ. ದಿನವೂ ಇದು ನಡೆದರೆ ಮುಧೋಳ ಆ ನಾಯಿಯಿದ್ದಾಗ ಓಡುವುದನ್ನೇ ಬಿಡುತ್ತದೆ, ಇಲ್ಲವೇ ಒಂದು ದಿನ ತಿರುಗಿಬೀಳುತ್ತದೆ.

ಆದ್ದರಿಂದ ಪರಿಚಯದವರ ನಾಯಿಗಳನ್ನು ಒಂದೊಂದಾಗಿ ಕರೆಸಿ, ಬೇಲಿಯಿರುವ ಜಾಗದಲ್ಲಿ ಹತ್ತು ಹದಿನೈದು ನಿಮಿಷ ಬಿಟ್ಟು ನೋಡಿ. ಎರಡೂ ಸರದಿಯಂತೆ ಓಡಿಸುತ್ತವೆಯೇ, ಒಂದು ಯಾವಾಗಲೂ ತಪ್ಪಿಸಿಕೊಳ್ಳುತ್ತಲೇ ಇರುತ್ತದೆಯೇ? ನಡುವೆ ತಾವಾಗಿ ನಿಂತು ಮೈ ಕೊಡವಿಕೊಳ್ಳುತ್ತವೆಯೇ? ಮುಧೋಳದ ಬಾಲ ಕಾಲ ಸಂದಿಗೆ ಹೋದರೆ ಆ ಬಗೆಯ ನಾಯಿ ಬೇಡ. ಚಿಕ್ಕ ನಾಯಿ ಕೀಚು ದನಿಯಲ್ಲಿ ಅರಚಿ ಓಡಿದಾಗ ಮುಧೋಳದ ಕಣ್ಣು ನೆಟ್ಟು, ಮೈ ಬಿಗಿಯಾಗಿ, ಆಟದ ಜಿಗಿತ ನಿಂತುಹೋದರೆ ಅದು ಬೇಟೆಯ ಗಳಿಗೆ. ಅಂಥ ಮುಧೋಳಕ್ಕೆ ಹತ್ತು ಕಿಲೋಗಿಂತ ಕಡಿಮೆ ತೂಕದ ಜೊತೆ ತರಲೇಬೇಡಿ.

ತಳಿಗಳ ಬಗ್ಗೆ ನನ್ನ ತೀರ್ಮಾನ

ಊರು ನಾಯಿ. ಹೆಚ್ಚಿನ ತೋಟಗಳಿಗೆ ನನ್ನ ಉತ್ತರ ಇದೇ. ಬೊಗಳುತ್ತದೆ, ಮೂಸುತ್ತದೆ, ಮನೆ ಬಿಟ್ಟು ದೂರ ಹೋಗದೆ ಕಾಯುತ್ತದೆ. ಏಪ್ರಿಲ್, ಮೇ ತಿಂಗಳ ನಲವತ್ತು ಡಿಗ್ರಿ ದಾಟಿದ ಬಿಸಿಲಿಗೆ ಬಾಗಿಲ ನೆರಳಲ್ಲಿ ಮಲಗಿ ಕಾಲ ಕಳೆಯುತ್ತದೆ, ರೊಟ್ಟಿ, ನುಚ್ಚು, ಮಜ್ಜಿಗೆಗೆ ಹೊಂದಿಕೊಳ್ಳುತ್ತದೆ. ದುಡ್ಡು ಕೊಟ್ಟು ತಂದದ್ದಲ್ಲ ಎಂಬ ಕಾರಣಕ್ಕೆ ಇದನ್ನು ಕೀಳಾಗಿ ಕಾಣುವುದು ನನಗೆ ನೋವಿನ ಸಂಗತಿ. ಬೀದಿಯಿಂದ ಸಿಕ್ಕಿದ್ದನ್ನು ಎತ್ತಿ ತರುವುದಕ್ಕಿಂತ ತೋಟ ಕಾಯುವ ತಾಯಿಯ ಮರಿಯನ್ನು ಆರಿಸಿ. ತಾಯಿ ಅಪರಿಚಿತರಿಗೆ ಬೊಗಳುತ್ತದೆಯೇ, ಮನೆಯವರ ಮಾತಿಗೆ ಸುಮ್ಮನಾಗುತ್ತದೆಯೇ ನೋಡಿ. ಕುರಿಗಳಿದ್ದರೆ ಕುರುಬರ ಹಟ್ಟಿಯಲ್ಲಿ ಹುಟ್ಟಿದ ಮರಿ ಎಲ್ಲಕ್ಕಿಂತ ಉತ್ತಮ. ಎಂಟರಿಂದ ಹದಿನಾರು ವಾರದ ಒಳಗೆ ಕುರಿಗಳ ವಾಸನೆಯಲ್ಲೇ ಬೆಳೆದ ಮರಿ ಅವುಗಳನ್ನು ತನ್ನವೆಂದು ತಿಳಿಯುತ್ತದೆ. ಆ ವಯಸ್ಸು ಮೀರಿದ ಮೇಲೆ ಎಷ್ಟು ಕಲಿಸಿದರೂ ಆ ನಂಟು ಅಷ್ಟು ಗಟ್ಟಿಯಾಗುವುದಿಲ್ಲ.

ಇನ್ನೊಂದು ಮುಧೋಳ. ನೋಡಲು ಇದಕ್ಕಿಂತ ಚೆಲುವಾದ ಜೋಡಿಯಿಲ್ಲ. ಆಟ ಹೊಂದುತ್ತದೆ, ವೇಗ ಹೊಂದುತ್ತದೆ, ಎರಡೂ ಮೆತ್ತಗೆ ಮಲಗುತ್ತವೆ. ಕೊರತೆ ಮಾತ್ರ ತುಂಬುವುದಿಲ್ಲ, ಅಟ್ಟಿಸಿಕೊಂಡು ಹೋಗುವ ಹುಚ್ಚು ಇಮ್ಮಡಿಯಾಗುತ್ತದೆ. ಆರು ಅಡಿ ಎತ್ತರದ ಬೇಲಿ ಹಾಕಿದ ಜಾಗವಿದ್ದು, ಕಾವಲಿನ ನಿರೀಕ್ಷೆಯಿಲ್ಲದಿದ್ದರೆ ತನ್ನಿ. ತಮಿಳುನಾಡಿನ ಕನ್ನಿ, ಚಿಪ್ಪಿಪಾರೈಗಳಿಗೂ ಇದೇ ಮಾತು, ಅವೂ ಕಣ್ಣಿನ ನಾಯಿಗಳು. ರಾಜಪಾಳಯಂ ಕಾವಲಿಗೆ ಇವೆರಡಕ್ಕಿಂತ ಮೇಲು. ಬಿಳಿ ಮೈಯ ಈ ತಳಿಯಲ್ಲಿ ಕಿವುಡುತನ ಕಂಡುಬರುವುದರಿಂದ ಮರಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿ ಪರೀಕ್ಷಿಸಬೇಕು. ತೇನಿ ಕಡೆಯ ಕೊಂಬೈ ಗಟ್ಟಿ ಕಾವಲು ನಾಯಿ, ಆದರೆ ಹಟಮಾರಿ. ಮೊದಲ ಸಲ ನಾಯಿ ಸಾಕಿದವರಿಗೆ ಹೇಳುವುದಿಲ್ಲ.

ಲ್ಯಾಬ್ರಡಾರ್. ಮೂಗು ಅದ್ಭುತ, ಸ್ವಭಾವ ಸೌಮ್ಯ, ಮುಧೋಳದ ಜೊತೆ ಜಗಳ ಅಪರೂಪ. ತೋಟದ ಕಾವಲಿಗೆ ಸಾಲದು, ಬಂದವರೆಲ್ಲ ಅದಕ್ಕೆ ನೆಂಟರೇ. ಬಿಸಿಲಿಗೆ ಬೇಗ ಸೋಲುತ್ತದೆ. ಮುಧೋಳದೊಂದಿಗೆ ಓಡಲು ಹೋಗಿ ಏದುಸಿರು ಬಿಡುತ್ತದೆ, ಮುಧೋಳದ ತಟ್ಟೆಯನ್ನೂ ಖಾಲಿ ಮಾಡಿ ದಪ್ಪಗಾಗುತ್ತದೆ. ಮಕ್ಕಳಿರುವ ಪಟ್ಟಣದ ಮನೆಗೆ ಸರಿ.

ಡಾಬರ್‌ಮನ್. ವಿದೇಶಿ ತಳಿಗಳಲ್ಲಿ ಮುಧೋಳಕ್ಕೆ ಹೆಚ್ಚು ಹೊಂದುವುದು ಇದೇ ಎನ್ನಬಹುದು. ಚಿಕ್ಕ ಕೂದಲು, ಒಳ್ಳೆಯ ವೇಗ, ಎಚ್ಚರದ ಕಿವಿ. ಗಂಡು ಗಂಡನ್ನು ಸಹಿಸುವುದು ಕಡಿಮೆ, ಆದ್ದರಿಂದ ಲಿಂಗ ಬೇರೆಯಿರಲಿ. ಈ ತಳಿಯಲ್ಲಿ ಹೃದಯದ ಸ್ನಾಯು ಸೊರಗುವ ರೋಗವಿದೆ, ರಕ್ತ ಹೆಪ್ಪುಗಟ್ಟದ ದೋಷವೂ ವಂಶದಲ್ಲಿ ಬರುತ್ತದೆ. ತಂದೆತಾಯಿಯ ಆರೋಗ್ಯ ವಿಚಾರಿಸದೆ ಕೊಳ್ಳಬೇಡಿ.

ಜರ್ಮನ್ ಶೆಫರ್ಡ್ ಮತ್ತು ಕೋಲಿ. ಆಟದ ತೊಡಕನ್ನು ಮೇಲೆ ಹೇಳಿದ್ದೇನೆ, ದಟ್ಟ ಕೂದಲಿನ ತೊಡಕು ಕಣ್ಣಿಗೇ ಕಾಣುತ್ತದೆ. ಕೋಲಿ ಬಗೆಯ ನಾಯಿ ತರುವವರು ಇನ್ನೊಂದು ವಿಷಯವನ್ನು ಮರೆಯಕೂಡದು. ಕುರಿಗಳಿಗೆ ಹುಳದ ಔಷಧವಾಗಿ ನಾವು ಕೊಡಿಸುವ ಐವರ್ಮೆಕ್ಟಿನ್ ಕೋಲಿಗಳ ಮಿದುಳಿಗೆ ವಿಷವಾಗಬಲ್ಲದು. ಅವುಗಳಲ್ಲಿ ಬಹಳಷ್ಟಕ್ಕೆ ಔಷಧವನ್ನು ಮಿದುಳಿನಿಂದ ಹೊರಗಿಡುವ ಜೀನ್‌ನಲ್ಲಿ ದೋಷವಿರುತ್ತದೆ. ಚುಚ್ಚಿಸಿಕೊಳ್ಳಬೇಕೆಂದೇನಿಲ್ಲ, ಈಗಷ್ಟೇ ಔಷಧ ಕುಡಿಸಿದ ಕುರಿಯ ಹಿಕ್ಕೆ ತಿಂದರೂ ಅಪಾಯ. ಕುರಿ ಸಾಕುವ ಮನೆಗೆ ಇದು ಸಣ್ಣ ಮಾತಲ್ಲ.

ಟೆರಿಯರ್, ಡ್ಯಾಷ್‌ಹಂಡ್, ಪೊಮೆರೇನಿಯನ್. ಹೆಗ್ಗಣದ ಕೆಲಸಕ್ಕೆ ಟೆರಿಯರ್‌ಗೆ ಸಾಟಿಯಿಲ್ಲ, ಆದರೆ ನಮ್ಮ ಭಾಗದಲ್ಲಿ ಸಿಗುವುದು ಕಷ್ಟ, ಬೆಲೆಯೂ ಹೆಚ್ಚು. ಚುರುಕಾದ ಚಿಕ್ಕ ಊರು ನಾಯಿ ಅದೇ ಕೆಲಸವನ್ನು ಕಲಿಯುತ್ತದೆ. ಹೆಗ್ಗಣ ಹಿಡಿಯುವ ನಾಯಿ ಇರುವ ತೋಟದಲ್ಲಿ ಇಲಿ ಪಾಷಾಣ ಇಡುವಂತಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಪೊಮೆರೇನಿಯನ್ ಎಂದು ನಮ್ಮಲ್ಲಿ ಕರೆಯುವ ಬಿಳಿ ನಾಯಿಯ ಕಂಠ ರಾತ್ರಿ ಕಾವಲಿಗೆ ಬಹಳ ಉಪಯುಕ್ತ. ಮರಿಯಾಗಿದ್ದಾಗಿನಿಂದ ಮುಧೋಳದ ಜೊತೆ ಬೆಳೆದರೆ ಮನೆಯೊಳಗೆ ಹೊಂದಿಕೊಂಡು ಹೋಗಬಹುದು. ಬಯಲಿಗೆ ಮಾತ್ರ ಎರಡನ್ನೂ ಒಟ್ಟಿಗೆ ಬಿಡಬೇಡಿ. ಮನೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗುವ ಮುಧೋಳ, ದೂರದಲ್ಲಿ ಬಿಳಿಯದೇನೋ ಓಡುವುದನ್ನು ಕಂಡಾಗ ಅದು ತನ್ನ ಜೊತೆಗಾರ ಎಂದು ಯೋಚಿಸುವಷ್ಟು ಹೊತ್ತು ನಿಲ್ಲುವುದಿಲ್ಲ.

ರಾಟ್‌ವೀಲರ್, ಪಿಟ್‌ಬುಲ್ ಬೇಡ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮೇಲೆ ನಿರ್ಬಂಧ ಹೇರಲು ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ರದ್ದುಪಡಿಸಿತು. ನಾನು ಬೇಡ ಎನ್ನುವುದು ಕಾನೂನಿನ ಕಾರಣಕ್ಕಲ್ಲ, ಮುಧೋಳದ ಚರ್ಮದ ಕಾರಣಕ್ಕೆ.

ಗಂಡೋ ಹೆಣ್ಣೋ?

ವಿರುದ್ಧ ಲಿಂಗದ ಜೋಡಿ ಸುಲಭ, ಎರಡು ಗಂಡು ಕಷ್ಟ, ಎರಡು ಹೆಣ್ಣು ಹಲವೊಮ್ಮೆ ಇನ್ನೂ ಕಷ್ಟ. ವಿರುದ್ಧ ಲಿಂಗವಾದರೆ ಒಂದಕ್ಕಾದರೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಹೆಣ್ಣು ನಾಯಿ ಸುಮಾರು ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಸುತ್ತಲ ಊರಿನ ಗಂಡು ನಾಯಿಗಳೆಲ್ಲ ನಿಮ್ಮ ಬೇಲಿಯ ಹೊರಗೆ ಕೂಡುತ್ತವೆ. ಶುದ್ಧ ಮುಧೋಳ ತಳಿಯನ್ನು ಮುಂದುವರಿಸುವ ಆಸೆಯಿದ್ದರೆ ಜೊತೆ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಮುಧೋಳವನ್ನು ಬಿಡಿ.

ಮುಧೋಳಕ್ಕೇ ಶಸ್ತ್ರಚಿಕಿತ್ಸೆ ಮಾಡಿಸುವುದಾದರೆ ಅರಿವಳಿಕೆಯ ವಿಷಯವನ್ನು ಪಶುವೈದ್ಯರೊಂದಿಗೆ ಮೊದಲೇ ಮಾತನಾಡಿ. ಗ್ರೇಹೌಂಡ್‌ಗಳಲ್ಲಿ ಥಿಯೋಪೆಂಟೋನ್ ಬಗೆಯ ಔಷಧ ದೇಹದಿಂದ ಹೊರಹೋಗುವುದು ನಿಧಾನ, ನಾಯಿ ಎಚ್ಚರಗೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಕೊಬ್ಬಿಲ್ಲದ ಮೈಯ ಮುಧೋಳಕ್ಕೂ ಅದೇ ಎಚ್ಚರಿಕೆ ಬೇಕು. ಬೇರೆ ಔಷಧಗಳಿವೆ, ಕೇಳಿ.

ಮರಿಯನ್ನು ಆರಿಸುವಾಗ

ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ಶ್ವಾನ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳು ಹೇಳುತ್ತವೆ. ಕಾನೂನು ಹಾಗಿರಲಿ, ತಾಯಿ ಮತ್ತು ಒಡಹುಟ್ಟಿದವರ ನಡುವೆ ಕಚ್ಚುವುದರ ಮಿತಿ ಕಲಿಯದ ಮರಿ ಮುಂದೆ ಮುಧೋಳದ ಚರ್ಮದ ಮೇಲೆ ಅದನ್ನು ಕಲಿಯುತ್ತದೆ. ತಾಯಿಯನ್ನು ಕಣ್ಣಾರೆ ನೋಡದೆ ಮರಿ ತರಬೇಡಿ. ಎರಡನೆಯದಾಗಿ ಮುಧೋಳವೇ ಬೇಕೆನ್ನುವವರು ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ, ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು. ಅಲ್ಲಿ ತಳಿಯ ವಂಶಾವಳಿ ಸಿಗುತ್ತದೆ, ನಿಮ್ಮ ನಾಯಿಯ ಹತ್ತಿರದ ರಕ್ತಸಂಬಂಧವೇ ಮತ್ತೆ ಬರದಂತೆ ನೋಡಿಕೊಳ್ಳಬಹುದು.

ಗುಂಪಿನಲ್ಲಿ ಎಲ್ಲಕ್ಕಿಂತ ಮುಂದೆ ನುಗ್ಗುವ ಮರಿಯನ್ನೂ ಮೂಲೆ ಸೇರುವ ಮರಿಯನ್ನೂ ಬಿಡಿ. ತಟ್ಟೆ ಬಡಿದ ಸದ್ದಿಗೆ ಬೆಚ್ಚಿ, ಅರೆಗಳಿಗೆಯಲ್ಲಿ ಸದ್ದಿನ ಕಡೆಗೇ ಮೂಸುತ್ತ ಬರುವ ಮರಿ ಮುಧೋಳಕ್ಕೆ ಹೇಳಿ ಮಾಡಿಸಿದ್ದು.

ತರಲು ಒಳ್ಳೆಯ ಕಾಲ ನವೆಂಬರ್‌ನಿಂದ ಜನವರಿ. ಬೇಸಿಗೆ ಬರುವ ಹೊತ್ತಿಗೆ ಮರಿ ಗಟ್ಟಿಯಾಗಿರುತ್ತದೆ.

ಒಳಗೆ ಬಿಡುವ ಮುನ್ನ

ಹೊಸ ನಾಯಿಯನ್ನು ಎರಡು ವಾರ ಬೇರೆ ಕಡೆ ಇಡಿ, ನೀರು ಮತ್ತು ಊಟದ ತಟ್ಟೆ ಬೇರೆಯಿರಲಿ. ಊರಿನ ಮರಿಗಳನ್ನು ಬಲಿ ತೆಗೆದುಕೊಳ್ಳುವ ಪಾರ್ವೊ ಮತ್ತು ಡಿಸ್ಟೆಂಪರ್ ಹೊರಬೀಳಲು ಇಷ್ಟು ದಿನ ಬೇಕು. ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಚಪ್ಪಲಿಗೆ ಅಂಟಿಯೂ ಬರುತ್ತದೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಪಶುವೈದ್ಯರು ಹೇಳಿದಂತೆ ಮರುಲಸಿಕೆಗಳು, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವರ್ಷವರ್ಷವೂ. ಕಬ್ಬಿನ ಹೊಲದಲ್ಲಿ ಇಲಿ ಹಿಂದೆ ಹೋಗುವ ನಾಯಿಗೆ ಇಲಿ ಜ್ವರದ ಲಸಿಕೆಯೂ ಸೇರಿರಲಿ, ಅದು ನಾಯಿಯಿಂದ ಮನೆಯವರಿಗೂ ಹರಡುವ ರೋಗ. ಉಣ್ಣಿ ತೆಗೆಸಿ, ಜಂತುಹುಳದ ಮಾತ್ರೆ ಕೊಡಿಸಿ. ಉಣ್ಣಿ ಜ್ವರದಿಂದ ರಕ್ತ ಕಡಿಮೆಯಾದ ನಾಯಿಯ ಒಸಡು ಬಿಳಿಚಿಕೊಳ್ಳುತ್ತದೆ. ತುಟಿ ಮೇಲೆತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ವಿಜಯಪುರ, ಜಮಖಂಡಿ ಕಡೆ ದ್ರಾಕ್ಷಿ ಬೆಳೆಯುವವರಿಗೆ ಒಂದು ಮಾತು. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡಕ್ಕೆ ವಿಷ. ಮುಧೋಳ ಸಾಮಾನ್ಯವಾಗಿ ಅವುಗಳ ಗೊಡವೆಗೆ ಹೋಗುವುದಿಲ್ಲ, ಕಂಡದ್ದೆಲ್ಲ ತಿನ್ನುವ ಲ್ಯಾಬ್ರಡಾರ್ ಹೋಗುತ್ತದೆ. ಒಣಗಿಸುವ ಶೆಡ್ಡಿನ ಬಾಗಿಲು ಹಾಕಿರಲಿ. ಉಳ್ಳಾಗಡ್ಡಿಯೂ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ಮನೆಯ ಸಾರು ಹಾಕುವವರು ಗಮನಿಸಿ.

ಪರಿಚಯ ಮಾಡಿಸುವುದು

ಮೊದಲ ಭೇಟಿ ನಿಮ್ಮ ಅಂಗಳದಲ್ಲಿ ಆಗಬಾರದು. ಕಟಾವಾದ ಹೊಲ, ಹಳ್ಳದ ದಂಡೆ, ಎರಡಕ್ಕೂ ಹಕ್ಕಿಲ್ಲದ ಯಾವುದಾದರೂ ಜಾಗ ಆಗಲಿ. ಇಬ್ಬರು ಬೇಕು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ನಾಯಿ. ಮುಧೋಳದ ಕತ್ತು ತಲೆಗಿಂತ ದಪ್ಪವಾದ್ದರಿಂದ ಸಾಧಾರಣ ಕೊರಳಪಟ್ಟಿ ಹಿಂದಕ್ಕೆ ಜಗ್ಗಿದರೆ ಕಳಚಿಹೋಗುತ್ತದೆ. ಅಗಲವಾದ, ಎಳೆದಾಗ ಹದವಾಗಿ ಬಿಗಿಯುವ ಪಟ್ಟಿ ಹಾಕಿ. ಎರಡು ನಾಯಿಗಳನ್ನೂ ಇಪ್ಪತ್ತು ಮೂವತ್ತು ಅಡಿ ಅಂತರದಲ್ಲಿ ಒಂದೇ ದಿಕ್ಕಿಗೆ ನಡೆಸಿ. ಎದುರುಬದುರು ನಿಲ್ಲಿಸಬೇಡಿ. ಸ್ವಲ್ಪ ಹೊತ್ತಿನಲ್ಲಿ ಅವು ಒಂದನ್ನೊಂದು ದಿಟ್ಟಿಸುವುದನ್ನು ಬಿಟ್ಟು ನೆಲ ಮೂಸಲು ತೊಡಗುತ್ತವೆ. ಆಗ ಅಂತರ ಕಡಿಮೆ ಮಾಡಿ, ಬಾಲದ ಕಡೆಯಿಂದ ಮೂರೆಣಿಸುವಷ್ಟು ಹೊತ್ತು ಮೂಸಲು ಬಿಟ್ಟು ಕರೆದುಕೊಳ್ಳಿ. ಹಗ್ಗ ಸಡಿಲವಾಗಿರಲಿ. ಬಿಗಿದ ಹಗ್ಗದಿಂದ ನಿಮ್ಮ ಭಯ ನಾಯಿಗೆ ಇಳಿಯುತ್ತದೆ.

ಅಲ್ಲಿಂದ ಎರಡನ್ನೂ ನಡೆಸಿಕೊಂಡೇ ಮನೆಗೆ ಬನ್ನಿ, ಹೊಸತು ಮೊದಲು ಒಳಗೆ ಹೋಗಲಿ. ಮನೆಯಲ್ಲಿ ಮೊದಲೇ ತಟ್ಟೆ, ಎಲುಬು, ಮುಧೋಳದ ಹಾಸಿಗೆ ತೆಗೆದಿಟ್ಟಿರಿ. ಮೊದಲ ತಿಂಗಳು ಊಟ ಬೇರೆ ಬೇರೆ ಕೋಣೆಯಲ್ಲಿ ಆಗಲಿ. ಊಟವಾದ ಮೇಲೆ ಒಂದು ಗಂಟೆಯಾದರೂ ಓಟದ ಆಟಕ್ಕೆ ಬಿಡಬೇಡಿ. ಎದೆ ಆಳವಾಗಿರುವ ಮುಧೋಳದಂಥ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ.

ಮಲಗುವ ಜಾಗದ ಬಗ್ಗೆ ವಿಶೇಷ ಗಮನ ಕೊಡಿ. ಮುಧೋಳದಂಥ ಓಟದ ನಾಯಿಗಳಲ್ಲಿ ಗಾಢ ನಿದ್ರೆಯಲ್ಲಿ ಯಾರಾದರೂ ಮೈಮೇಲೆ ಬಿದ್ದರೆ ಬೆಚ್ಚಿ, ಕಣ್ಣು ಬಿಡುವ ಮೊದಲೇ ಹಲ್ಲು ಹಾಕುವವು ಇರುತ್ತವೆ. ಮರಿಗೆ ಅದು ತಿಳಿಯದು, ಬೆಚ್ಚಗಿನ ಮೈ ಹುಡುಕಿ ಹೋಗುತ್ತದೆ. ಮುಧೋಳಕ್ಕೆ ಮರಿ ಹತ್ತಲಾಗದ ಎತ್ತರದ ಕಟ್ಟೆಯೋ ಹಳೆಯ ಹೊರಸೋ ಇರಲಿ. ಮರಿ ಮುಧೋಳವನ್ನು ಪೀಡಿಸಿ, ಮುಧೋಳ ಗುರ್ ಎಂದರೆ ಮುಧೋಳವನ್ನು ಗದರಬೇಡಿ. ಆ ಗುರುಗುಟ್ಟುವಿಕೆ ಮರಿಗೆ ಕೊಡುವ ಪಾಠ. ಅದನ್ನು ನೀವು ನಿಲ್ಲಿಸಿದರೆ ನಾಳೆ ಎಚ್ಚರಿಕೆಯಿಲ್ಲದೆ ಕಚ್ಚುತ್ತದೆ.

ನೀವು ಮನೆಯಲ್ಲಿಲ್ಲದಾಗ ಎರಡನ್ನೂ ಒಟ್ಟಿಗೆ ಬಿಡುವುದು ಕನಿಷ್ಠ ಎರಡು ಮೂರು ತಿಂಗಳು ಬೇಡ.

ಕೆಲಸ ಕಲಿಸುವಾಗ ಬೇರೆ ಬೇರೆ

ಒಟ್ಟಿಗೆ ಕೆಲಸ ಮಾಡಬೇಕಾದ ನಾಯಿಗಳನ್ನು ಒಟ್ಟಿಗೆ ಕಲಿಸಿದರೆ ಎರಡೂ ಕಲಿಯುವುದಿಲ್ಲ. ಹೊಸತನ್ನು ದಿನಕ್ಕೆ ಎರಡು ಸಲ, ಹತ್ತು ನಿಮಿಷ, ಮುಧೋಳ ಕಾಣದ ಕಡೆ ಕರೆದೊಯ್ದು ಹೆಸರು ಹಿಡಿದು ಕರೆದಾಗ ಬರುವುದನ್ನು ಕಲಿಸಿ. ಎರಡರ ಹೆಸರುಗಳ ದನಿ ಬೇರೆಯಿರಲಿ: ರಾಜಾ, ರಾಣಿ ಎಂದು ಕರೆದರೆ ಎರಡೂ ಬರುತ್ತವೆ. ಆಮೇಲೆ ಉದ್ದ ಹಗ್ಗದಲ್ಲಿ ಮುಧೋಳವನ್ನು ಕಟ್ಟಿ ಹೊಸತನ್ನು ಕರೆಯಿರಿ, ನಂತರ ಅದಲುಬದಲು ಮಾಡಿ. ಒಂದು ಬಂದಾಗ ಇನ್ನೊಂದು ಸುಮ್ಮನೆ ಕುಳಿತಿರುವುದು ಈ ಪಾಠದ ಅರ್ಧ ಭಾಗ.

ಕಾವಲು ನಾಯಿಗೆ ಪ್ರತಿ ಸಂಜೆ ತೋಟದ ಗಡಿಯುದ್ದಕ್ಕೂ ಒಂದೇ ದಾರಿಯಲ್ಲಿ ಸುತ್ತು ಹಾಕಿಸಿ. ತನ್ನ ಸೀಮೆ ಎಲ್ಲಿಯವರೆಗೆ ಎಂಬುದು ಅದರ ಮೂಗಿಗೆ ಹತ್ತುತ್ತದೆ. ಬೊಗಳಿದಾಗ ಎದ್ದು ಹೋಗಿ ನೋಡಿ, "ಸಾಕು" ಎಂದು ಹೇಳಿ, ಸುಮ್ಮನಾದಾಗ ಒಂದು ತುಂಡು ರೊಟ್ಟಿ ಕೊಡಿ. ಬೊಗಳಿದ್ದಕ್ಕೆ ಬೈದರೆ ನೀವು ತಂದ ಕಾರಣವೇ ಕೆಡುತ್ತದೆ. ರಾತ್ರಿ ಬಿಡುವುದು ಆ ನಾಯಿಯನ್ನು ಮಾತ್ರ. ಮುಧೋಳ ಮುಚ್ಚಿದ ಅಂಗಳದಲ್ಲಿರಲಿ. ಕತ್ತಲಲ್ಲಿ ಬಾವಿ, ತಂತಿಬೇಲಿ ನೋಡದೆ ಓಡುವ ನಾಯಿ ಅದು.

ಕುರಿಗಳಿದ್ದರೆ ಮುಧೋಳಕ್ಕೆ ಬಾಯಿಕುಕ್ಕೆ ಹಾಕಿ ದೊಡ್ಡಿಯ ಹೊರಗೆ ಕುಳ್ಳಿರಿಸಿ ಅಭ್ಯಾಸ ಮಾಡಿಸಿ. ಮರಿ ಹಾಕುವ ಕಾಲದಲ್ಲಿ ಹತ್ತಿರವೇ ಬಿಡಬೇಡಿ. ಕಬ್ಬು ಕಟಾವಿನ ಸಮಯದಲ್ಲಿ ಎರಡನ್ನೂ ಕಟ್ಟಿಹಾಕುವುದು ಲೇಸು. ಕೊನೆಯ ಸಾಲುಗಳಿಂದ ಮೊಲ, ಹಂದಿ, ಕೊಳಕುಮಂಡಲ ಹಾವು ಎಲ್ಲವೂ ಒಮ್ಮೆಲೇ ಹೊರಬೀಳುತ್ತವೆ, ಕುಡುಗೋಲು ಹಿಡಿದ ಜನ ಇರುತ್ತಾರೆ, ಕಡಿದ ಕಬ್ಬಿನ ಕೂಳೆ ಓಡುವ ನಾಯಿಯ ಎದೆಗೆ ಚುಚ್ಚುತ್ತದೆ. ಹಾವು ಕಚ್ಚಿದರೆ ನಾಟಿ ಮದ್ದಿನಲ್ಲಿ ಹೊತ್ತು ಕಳೆಯದೆ ಪಶು ಆಸ್ಪತ್ರೆಗೆ ಒಯ್ಯಿರಿ. ಮನುಷ್ಯರಿಗೆ ಕೊಡುವ ವಿಷನಿರೋಧಕ ಚುಚ್ಚುಮದ್ದೇ ನಾಯಿಗೂ ನಡೆಯುತ್ತದೆ.

ಹೊಂದದಿದ್ದರೆ

ಮೂರು ತಿಂಗಳಾದರೂ ಮುಧೋಳ ಊಟ ಬಿಡುತ್ತಿದ್ದರೆ, ಮೂಲೆ ಹಿಡಿದಿದ್ದರೆ, ಹೊಲಿಗೆ ಹಾಕುವಂಥ ಗಾಯ ಎರಡನೇ ಸಲ ಆದರೆ ಜೋಡಿ ಹೊಂದಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಹೋಗಬೇಕಾದದ್ದು ಹೊಸತು. ಇದನ್ನು ಮೊದಲೇ ಯೋಚಿಸಿ, ಮರಿ ಕೊಟ್ಟವರ ಬಳಿ ಹಿಂದಿರುಗಿಸುವ ಮಾತಾಡಿಕೊಂಡಿರಿ. ಸಂತೆಯಲ್ಲಿ, ಹೆದ್ದಾರಿಯ ಢಾಬಾ ಬಳಿ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ, ಕಾಯ್ದೆ ಇಲ್ಲದಿದ್ದರೂ ಮಾಡಬಾರದ ಕೆಲಸ. ಒಂಟಿಯಾಗಿ ಒಳ್ಳೆಯ ಕಾವಲು ಮಾಡುವ ನಾಯಿಗೆ ಇನ್ನೊಂದು ತೋಟ ಸಿಗುವುದು ಕಷ್ಟವಲ್ಲ. ಕೊಡುವಾಗ ಲಸಿಕೆಯ ಪುಸ್ತಕ, ಅದು ಮಲಗುತ್ತಿದ್ದ ಗೋಣಿಚೀಲ, ಅದಕ್ಕೆ ತಿಳಿಯುವ ಮಾತುಗಳ ಪಟ್ಟಿಯನ್ನು ಜೊತೆಗೆ ಕೊಡಿ. ಮುಧೋಳದೊಂದಿಗೆ ಏಕೆ ಹೊಂದಲಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿ.